ನಕಾಶೆ ಯಂತ್ರಕ್ಕೊಂದು ಜಾಗ

ಗೋಕಾಕ

ವಿದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ಡಿಪೋದಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಏನೇನು ನೋಡಿದೆ ಎಂದು. ನಾನು ನೋಡಿದ್ದು ಒಂದು ಅಡುಗೆಮನೆ, ಒಂದು ಸಣ್ಣ ಹಾಯಿದೋಣಿ ಮತ್ತು ಕಣ್ಣು ಹಾಯಿಸಿದಷ್ಟು ದೂರ ಕೆಸರು. ಕೋಟೆ, ಅರಮನೆ, ಕನ್ನಡಿಯ ಕಟ್ಟಡ ಇಂಥವುಗಳ ಫೋಟೋ ನನ್ನ ಮೊಬೈಲಿನಲ್ಲಿ ಒಂದೂ ಇಲ್ಲ. ನಮ್ಮ ಕಂಟ್ರೋಲರ್ ಸಾಹೇಬರಿಗೆ ಬಹಳ ನಿರಾಸೆಯಾಯಿತು.

ನಾನು ಗೋಕಾಕ ಡಿಪೋದ ಕಂಡಕ್ಟರ್. ಗೋಕಾಕದಿಂದ ಮೂಡಲಗಿ, ಮೂಡಲಗಿಯಿಂದ ಗೋಕಾಕ, ಆಗೊಮ್ಮೆ ಈಗೊಮ್ಮೆ ಹುಕ್ಕೇರಿ. ಇಷ್ಟೇ ನನ್ನ ಭೂಗೋಳ. ಐರ್ಲೆಂಡ್ ನೋಡುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಆದರೆ ಅಲ್ಲಿ ನನ್ನ ಅಕ್ಕ ಸುವರ್ಣಾ ಇದ್ದಳು. ಕೌಜಲಗಿಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ನರ್ಸಿಂಗ್ ಕಲಿತು, ಐರ್ಲೆಂಡಿನ ಪಶ್ಚಿಮ ದಂಡೆಯ ಒಂದು ಸಣ್ಣ ಊರಿನ ಆಸ್ಪತ್ರೆ ಸೇರಿದಳು. ಅಲ್ಲಿಯೇ ಬ್ರೆಂಡನ್ ಎಂಬುವರನ್ನು ಮದುವೆಯಾದಳು. ಅವರು ಶಾಲೆಯಲ್ಲಿ ಬಡಿಗತನ ಕಲಿಸುತ್ತಿದ್ದ ಮೇಷ್ಟ್ರು, ಬಿಡುವಿನಲ್ಲಿ ತಮ್ಮದೇ ಸಣ್ಣ ಹಾಯಿದೋಣಿ ನಡೆಸುತ್ತಿದ್ದರು. ನಮ್ಮ ಅವ್ವ ಅಳಿಯನನ್ನು ಇವತ್ತಿಗೂ ಬ್ರ್ಯಾಂಡಪ್ಪ ಎಂದೇ ಕರೆಯುತ್ತಾಳೆ.

ಅಕ್ಕ ಊರಿಗೆ ಬಂದಾಗಲೆಲ್ಲ ನನಗೆ ರಜೆ ಸಿಗುತ್ತಿರಲಿಲ್ಲ. ಅದಕ್ಕೆ ಅವಳೇ ನನ್ನ ಬಸ್ಸು ಹತ್ತುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಪಕ್ಕದ ಸೀಟಿನಲ್ಲಿ ಕೂತು, ಕಡಲೆ ತಿನ್ನುತ್ತ, ಹತ್ತುವವರ ಇಳಿಯುವವರ ಕಷ್ಟಸುಖ ಕೇಳುತ್ತ ಮೂಡಲಗಿಗೂ ಗೋಕಾಕಕ್ಕೂ ಅಲೆಯುತ್ತಿದ್ದಳು. ನಮ್ಮಲ್ಲಿ ಸಿಂಗಲ್ ಬೆಲ್ ಕೊಟ್ಟರೆ ಡ್ರೈವರ್ ಬಸ್ಸು ನಿಲ್ಲಿಸಬೇಕು, ಡಬಲ್ ಬೆಲ್ ಕೊಟ್ಟರೆ ಹೊರಡಬೇಕು. ಬೆಲ್ಲು ಕೆಟ್ಟ ದಿನ ಬಸ್ಸಿನ ತಗಡಿಗೆ ಕೈಯಿಂದ ಬಡಿಯುತ್ತೇವೆ, ಲೆಕ್ಕ ಅದೇ. ಡಬಲ್ ಬೆಲ್ ತಾನೇ ಕೊಡುತ್ತೇನೆಂದು ಅಕ್ಕ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ನಮ್ಮ ಡ್ರೈವರ್ ಭೀಮಪ್ಪ ಕಾಕಾ ಹಿಂದಕ್ಕೆ ತಿರುಗದೆಯೇ, ಇವತ್ತು ದೊಡ್ಡಕ್ಕಾರ ಡ್ಯೂಟಿ ಮ್ಯಾಲೆ ಅದಾರ ಎಂದು ನಗುತ್ತಿದ್ದರು.

ಕಾಯಿಲೆ ಗೊತ್ತಾದ ಮೇಲೆ ಅಕ್ಕ ಬರಲಿಲ್ಲ, ಬರೀ ಫೋನು. ನನ್ನನ್ನೇ ಕರೆಸಿಕೊಳ್ಳಬೇಕೆಂದು ಟಿಕೆಟ್ ತೆಗೆಸಿಟ್ಟಳು. ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಹೇಳಿದ್ದು ನನಗೆ ಆಗ ಅರ್ಥವೇ ಆಗಲಿಲ್ಲ.

“ಕಸ್ತೂರಿ, ದೋಣಿಗೊಂದು ನಕಾಶಿ ತೋರ್ಸೂ ಮಷೀನ್ ತರಿಸೇನಿ. ನೀ ಬಂದಾಗ ಅದನ್ನ ನಿಮ್ಮ ಮಾಮಾರ ಕಣ್ಣ ಮುಂದ ಹಚ್ಚಸು. ನಾ ಕುಂಡ್ರೂ ಜಾಗಾದಾಗ ಹಚ್ಚಾಕ ಬಿಡಬ್ಯಾಡ.”

ಎಲ್ಲಿ ಹಚ್ಚಿದರೇನು ಎಂದು ಕೇಳಿದೆ.

“ಅಲ್ಲಿ ಹಚ್ಚಿದ್ರ ಅವರಿಗೆ ಕಾಣಂಗಿಲ್ಲ. ನಾ ಹೇಳ್ತೇನಂತ ಕಾಯ್ಕೋಂತ ಕುಂಡ್ರತಾರ. ಆ ಕಡೆ ನೀರಾಗ ಎಲ್ಲಾ ಕಲ್ಲು ಅದಾವು.”

ವೀಸಾ ಬಂತು, ಅಕ್ಕ ಹೋದ ಮೇಲೆ ಬಂತು. ಹೋಗುವುದು ಇನ್ನು ಯಾರಿಗಾಗಿ ಎಂದು ನಾನು ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ ಹಾಕಿದ್ದೆ. ಅವ್ವನೇ ಅದನ್ನು ಹೊರತೆಗೆದು, ಅಕಿ ಹೇಳಿದ ಕೆಲಸ ಬಾಕಿ ಐತಿ ಎಂದಳು. ಶೇಂಗಾ ಹಿಂಡಿಯ ಚಟ್ನಿಪುಡಿ, ಕರದಂಟು, ಅಳಿಯನಿಗೊಂದು ಕರಿ ಕಂಬಳಿ ಕಟ್ಟಿಕೊಟ್ಟು ನನ್ನನ್ನು ಬೆಳಗಾವಿ ಬಸ್ಸಿಗೆ ಹತ್ತಿಸಿದಳು.

ಡಬ್ಲಿನ್ನಿನಿಂದ ಪಶ್ಚಿಮಕ್ಕೆ

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಕಂಬಳಿ ಹೊರಬಂದ ಕೂಡಲೇ ಮೂಗರಳಿಸಿ ಇದೇನೆಂದು ಕೇಳಿದ. ನನ್ನ ಇಂಗ್ಲಿಷ್ ಎಂದರೆ ಟಿಕೆಟ್ಟಿನ ಮೇಲೆ ಇರುವಷ್ಟೇ. ನಮ್ಮ ಮನೆಯ ಕುರಿ, ನಮ್ಮವರೇ ನೇಯ್ದದ್ದು ಎಂದು ಕೈ ಬಾಯಿ ಎರಡನ್ನೂ ಬಳಸಿ ತಿಳಿಸಿದೆ. ಅವನ ಅಪ್ಪನೂ ಕುರಿ ಸಾಕುತ್ತಿದ್ದನಂತೆ. ಎಷ್ಟು ಕುರಿ, ಎಂಥ ತಳಿ, ಯಾವಾಗ ಉಣ್ಣೆ ಕತ್ತರಿಸುತ್ತೀರಿ ಎಂದು ವಿಚಾರಿಸತೊಡಗಿದ. ನನ್ನ ಹಿಂದೆ ಸಾಲು ಬೆಳೆಯಿತು, ಯಾರೂ ಗೊಣಗಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಇಬ್ಬರಿಗೂ ಮಂಗಳಾರತಿ ಆಗಿರುತ್ತಿತ್ತು.

ಅಲ್ಲಿಂದ ಮುಂದೆ ಬಸ್ಸು. ಹತ್ತಿದವಳು ಅಭ್ಯಾಸಬಲದಿಂದ ಕಂಡಕ್ಟರ್ ಸೀಟು ಹುಡುಕಿದೆ. ಇರಲಿಲ್ಲ. ಡ್ರೈವರೇ ಟಿಕೆಟ್ ಕೊಟ್ಟು, ಬಾಗಿಲು ಮುಚ್ಚಿ, ಕನ್ನಡಿ ನೋಡಿಕೊಂಡು ತಾನೇ ಹೊರಡುತ್ತಾನೆ. ಇಳಿಯುವ ಪ್ರತಿಯೊಬ್ಬರೂ ಅವನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಕಾಲೇಜು ಹುಡುಗರು ಹೇಳುತ್ತಾರೆ, ಕೋಲೂರಿಕೊಂಡ ಮುದುಕಿಯರು ಹೇಳುತ್ತಾರೆ. ಇಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ಚಿಲ್ಲರೆ ಕೇಳಿದವರು ಸಿಕ್ಕಿದ್ದಾರೆ, ಥ್ಯಾಂಕ್ಸ್ ಹೇಳಿದವರು ನೆನಪಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕಿಟಕಿಯ ಆಚೆ ಬರೀ ಹಸಿರು ಗುಡ್ಡ, ಮಳೆ, ಕುರಿ. ಕುರಿಗಳ ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದು ಬಿಟ್ಟಿದ್ದರು. ಕಾಯುವವರು ಎಲ್ಲಿಯೂ ಕಾಣಲಿಲ್ಲ. ನಮ್ಮ ಅಪ್ಪ ಇದ್ದಿದ್ದರೆ ಬಸ್ಸು ನಿಲ್ಲಿಸಿ ಇಳಿದು ಮಾಲೀಕನನ್ನು ಹುಡುಕಿ ಬೈದು ಬರುತ್ತಿದ್ದ. ಇದನ್ನು ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಮರುಕ್ಷಣ ನೆನಪಾಗಿ ಸೆರಗಿನಿಂದ ಬಾಯಿ ಒತ್ತಿ ಹಿಡಿದೆ.

ಕೊನೆಯ ಸ್ಟಾಪಿನಲ್ಲಿ ಮಹಾದೇವ ನಿಂತಿದ್ದ. ಹುಕ್ಕೇರಿ ಕಡೆಯ ಬೌದ್ಧ ಮನೆತನದ ಹುಡುಗ, ಅಕ್ಕನ ವಾರ್ಡಿನಲ್ಲೇ ನರ್ಸು. ಅವನನ್ನು ಅಲ್ಲಿಗೆ ಕರೆಸಿ ನೆಲೆ ನಿಲ್ಲಿಸಿದವಳು ಅಕ್ಕ, ಕೊನೆಯ ದಿನಗಳಲ್ಲಿ ಅವಳನ್ನು ನೋಡಿಕೊಂಡವನು ಅವನು. ಬರ್ರಿ ಅಕ್ಕಾರ, ಹಾದ್ಯಾಗ ತ್ರಾಸ ಆಗಲಿಲ್ಲಲ್ರಿ ಎಂದು ನನ್ನ ಕೈಯ ಚೀಲ ಇಸಿದುಕೊಂಡ. ಅಷ್ಟು ದೂರ ಬಂದು ಆ ಮಾತು ಕೇಳಿದ್ದಕ್ಕೆ ನಾನು ನಿಂತಲ್ಲೇ ಅತ್ತುಬಿಟ್ಟೆ. ಅವನೂ ಅತ್ತ. ಮಳೆ ಬರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಕಾರಿನಲ್ಲಿ ಮಹಾದೇವ ನಿಧಾನಕ್ಕೆ ವಿಷಯ ತೆಗೆದ. ಅಕ್ಕ ಹೋದ ಮೇಲೆ ಬ್ರೆಂಡನ್ ಮಾಮಾ ಯಾರ ಮಾತೂ ಕೇಳದೆ ಒಬ್ಬರೇ ದೋಣಿ ತೆಗೆದುಕೊಂಡು ಸಮುದ್ರಕ್ಕೆ ಹೋಗುತ್ತಾರಂತೆ. ಯಂತ್ರದ ಪೆಟ್ಟಿಗೆಯನ್ನು ಇನ್ನೂ ಒಡೆದೇ ಇಲ್ಲವಂತೆ.

“ಹ್ವಾದವಾರ ಕಲ್ಲಿಗೆ ಒರಸಿಕೊಂಡು ಬಂದಾರ್ರಿ ಅಕ್ಕಾರ. ಇನ್ನೊಮ್ಮೆ ಹಿಂಗಾದ್ರ ವಾಪಸ್ ಬರತಾರೋ ಇಲ್ಲೋ. ನಮ್ಮ ಮಾತು ನಡಿಯಂಗಿಲ್ಲ, ನೀವ ಹೇಳಬೇಕು.”

ಅಡುಗೆಮನೆ

ಮಾಮಾ ಬಾಗಿಲಲ್ಲೇ ಕಾಯುತ್ತಿದ್ದರು. ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ಅಳೆದು ಸುರಿದ ಹಾಗೆ. ಅಲ್ಲಿಯವರು ಎಲ್ಲದಕ್ಕೂ, ನಾವು ಚಲೋ ಎನ್ನುವ ಹಾಗೆ, ಗ್ರ್ಯಾಂಡ್ ಎನ್ನುತ್ತಾರೆ. ಚಹಾ ಬೇಕೆ ಎಂದರೆ ಗ್ರ್ಯಾಂಡ್, ಬೇಡವೆಂದರೂ ಗ್ರ್ಯಾಂಡ್. ಹೇಗಿದ್ದೀರಿ ಎಂದು ಕೇಳಿದರೆ ಮಾಮಾ ಕೂಡ ಅದನ್ನೇ ಅಂದರು. ಅವರ ಅಂಗಿಯ ಗುಂಡಿಗಳು ಒಂದರ ಬದಲು ಇನ್ನೊಂದು ಕಾಜಿಗೆ ಹೋಗಿದ್ದವು.

ಸತ್ತ ಮನೆ ಎಂದರೆ ನಮ್ಮಲ್ಲಿ ಹೇಗಿರುತ್ತದೆ ನಿಮಗೆ ಗೊತ್ತು. ಬಂದವರು ಬಾಗಿಲಲ್ಲೇ ದನಿ ತೆಗೆಯುತ್ತಾರೆ, ಹೋದವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ, ಮನೆಯವರನ್ನೂ ಅಳಿಸುತ್ತಾರೆ. ಅಲ್ಲಿ ನೆರೆಯವರು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಏನಾದರೂ ಬೇಯಿಸಿ ತರುತ್ತಾರೆ, ಚಹಾ ಕುಡಿಯುತ್ತಾರೆ, ಮಳೆಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ. ಅಕ್ಕನ ಹೆಸರನ್ನೇ ಎತ್ತುವುದಿಲ್ಲ. ಮೊದಲ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ನೋಡಿದರೆ, ಒಬ್ಬ ಹೆಂಗಸು ಹೋಗುವಾಗ ಗೂಟಕ್ಕೆ ನೇತುಹಾಕಿದ್ದ ಅಕ್ಕನ ಮಳೆಕೋಟಿನ ತೋಳನ್ನು ಸುಮ್ಮನೆ ಮುಟ್ಟಿ ಹೋದಳು. ಆಮೇಲೆ ನಾನು ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟೆ.

ಅಡುಗೆಮನೆಯ ಮೇಜಿನ ಮೇಲೆ ಆ ಪೆಟ್ಟಿಗೆ ಇತ್ತು. ಸುತ್ತ ಜಾಗ ಬಿಟ್ಟು ಊಟದ ತಟ್ಟೆಗಳನ್ನು ಇಡುತ್ತಿದ್ದರು. ನಾನು ಕರದಂಟು ಕೊಟ್ಟೆ, ತಿಂದರು. ಶೇಂಗಾ ಹಿಂಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡರು, ಅಕ್ಕ ಹಾಗೆ ಮಾಡುತ್ತಿದ್ದಳಂತೆ. ಕಂಬಳಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತರು. ಆಗ ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇದನ್ನು ಹಚ್ಚೋಣವೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಗ್ರ್ಯಾಂಡ್ ಅಂದರು.

ಬಂದರು

ದೋಣಿ ನಮ್ಮ ಟೆಂಪೋಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಮುಂದೆ ಬಗ್ಗಿ ಹೋಗಬೇಕಾದಷ್ಟು ಗಿಡ್ಡ ಕೋಣೆ. ಹಿಂದೆ ಕೂರಲು ತೆರೆದ ತೊಟ್ಟಿ, ಅಲ್ಲಿ ಚುಕ್ಕಾಣಿಯ ಮರದ ಹಿಡಿಕೆ. ಮಾಮಾ ಅಲ್ಲಿ ಕೂತು ದೋಣಿ ನಡೆಸುತ್ತಾರೆ. ಕೋಣೆಯ ಬಾಗಿಲಿನಲ್ಲಿ ಇಳಿಯಲು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲು ಅಕ್ಕನ ಜಾಗ. ಕಾಗದದ ನಕಾಶೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಲ್ಲಿ ಕೂತು, ಎಲ್ಲಿ ಕಲ್ಲಿದೆ, ಎಲ್ಲಿ ತಿರುಗಬೇಕು ಎಂದು ಅವಳು ಹೇಳುತ್ತಿದ್ದಳು. ಅವರು ನಂಬಿ ತಿರುಗಿಸುತ್ತಿದ್ದರು. ಆ ಮೆಟ್ಟಿಲಿನ ಬಣ್ಣ ಸವೆದು ಮರ ಕಾಣುತ್ತಿತ್ತು.

ಯಂತ್ರ ಎಲ್ಲಿ ಹಚ್ಚಬೇಕು ಎಂಬ ಸುದ್ದಿ ಬಂದರಿನಲ್ಲಿ ಹರಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೋಕಾಕ ಸ್ಟ್ಯಾಂಡಿನಲ್ಲಿ ಯಾರಾದರೂ ಅಂಕಲಗಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಕಡೆ ಕೈ ತೋರಿಸುವುದಿಲ್ಲವೇ, ಅದೇ ಇಲ್ಲಿಯೂ ಆಯಿತು. ಒಬ್ಬರು ಚುಕ್ಕಾಣಿಯ ಪಕ್ಕ, ಮೊಣಕಾಲಿನ ಹತ್ತಿರ ಎಂದರು. ಇನ್ನೊಬ್ಬರು ಅಲ್ಲಿ ಹಗ್ಗ ಸಿಕ್ಕಿಹಾಕಿಕೊಳ್ಳುತ್ತದೆ, ಬಾಗಿಲಿನ ಅಡ್ಡಕ್ಕೆ ಹಿಂದೆ ಮುಂದೆ ಆಡುವ ಒಂದು ತೋಳು ಕೂರಿಸಿ ಅದರ ಮೇಲಿಡು ಎಂದರು. ಹಾಗಾದರೆ ಒಳಗೆ ಹೋಗಿ ಬರುವುದು ಹೇಗೆ ಎಂದು ಮೂರನೆಯವರು ಜಗಳ ತೆಗೆದರು. ಅವರ ಪ್ರಕಾರ ಕೋಣೆಯ ಹಿಂದಿನ ಗೋಡೆ ಸರಿ, ಬಾಗಿಲಿನ ಪಕ್ಕ, ಚುಕ್ಕಾಣಿ ಹಿಡಿದವರ ಎದುರಿಗೆ. ಆದರೆ ಆ ಗೋಡೆಯಲ್ಲಿ ದಿಕ್ಸೂಚಿ ಇದೆ. ಯಂತ್ರ ತೀರ ಹತ್ತಿರ ಬಂದರೆ ಮುಳ್ಳು ಸುಳ್ಳು ಹೇಳುತ್ತದೆ, ಆದ್ದರಿಂದ ದೂರವಿರಬೇಕು. ಮೂವರಲ್ಲೂ ಒಂದು ವಿಷಯದಲ್ಲಿ ಒಮ್ಮತವಿತ್ತು. ಒಬ್ಬನೇ ನಡೆಸುವವನಿಗೆ ಅದು ಕೂತಲ್ಲಿಂದ ಕಾಣಬೇಕು.

ಮಾಮಾ ಎಲ್ಲರ ಮಾತಿಗೂ ತಲೆಯಾಡಿಸಿದರು. ಆ ಮೂವರು ಹೋದ ಮೇಲೆ ಯಂತ್ರ ತೆಗೆದುಕೊಂಡು ಕೋಣೆಯೊಳಗೆ ಇಳಿದು, ಅಕ್ಕನ ಮೆಟ್ಟಿಲಿನ ಪಕ್ಕದ ಹಲಗೆಯ ಮೇಲೆ ತಾತ್ಪೂರ್ತಿಕವಾಗಿ ಇಟ್ಟು ವಯರು ಜೋಡಿಸಿದರು. ಇಲ್ಲಿಯೇ ಸರಿ, ಮಳೆ ತಾಗುವುದಿಲ್ಲ ಎಂದರು. ನಾನು ಚುಕ್ಕಾಣಿಯ ಹತ್ತಿರ ಹೋಗಿ ಕೂತು ನೋಡಿದೆ. ಯಂತ್ರದ ಬೆನ್ನಿನ ಒಂದು ಅಂಚು ಬಿಟ್ಟರೆ ಏನೂ ಕಾಣಲಿಲ್ಲ.

ಕಾಣುವುದಿಲ್ಲ ಎಂದೆ. ಬೇಕಾದಾಗ ಎದ್ದು ಬಂದು ನೋಡುತ್ತೇನೆ ಎಂದರು. ಎದ್ದು ಬಂದರೆ ಚುಕ್ಕಾಣಿ ಯಾರು ಹಿಡಿಯುತ್ತಾರೆ ಎಂದೆ. ಅವರು ವಯರನ್ನು ಇನ್ನಷ್ಟು ಬಿಗಿ ಮಾಡತೊಡಗಿದರು. ಚಿಲ್ಲರೆಗಾಗಿ ಪ್ರಯಾಣಿಕರ ಜೊತೆ ವಾದ ಮಾಡುವ ನಾಲಿಗೆ ನನ್ನದು, ಬಿಡಲಿಲ್ಲ. ಕೊನೆಗೆ ಅವರು ಆ ಮೆಟ್ಟಿಲಿನ ಮೇಲೆ ಕೈಯಾಡಿಸುತ್ತ, ನಕಾಶೆ ಯಾವಾಗಲೂ ಇಲ್ಲಿಯೇ ಇರುತ್ತಿತ್ತು ಎಂದರು. ಅದನ್ನು ಇಲ್ಲಿಂದ ತೆಗೆಯುವುದಿಲ್ಲ ಎಂದೂ ಹೇಳಿದರು.

ಫೋನಿನಲ್ಲಿ ಅಕ್ಕ ಹೇಳಿದ್ದು ನನ್ನ ಬಾಯಿಯ ತುದಿಗೆ ಬಂದಿತ್ತು. ಆದರೆ ಅಕ್ಕನ ಮಾತನ್ನು ಜಗಳದಲ್ಲಿ ಗೆಲ್ಲಲು ಬಳಸುವುದು ಬೇಡವೆನಿಸಿತು.

ಕೆಸರು

ಬಂದರಿನ ಎದುರಿಗೆ ಒಂದು ಸಣ್ಣ ದ್ವೀಪವಿದೆ. ರಜೆಯ ದಿನ ಅಕ್ಕ, ಮಾಮಾ ಇಬ್ಬರೂ ಅಲ್ಲಿಗೆ ಹೋಗಿ ಬುತ್ತಿ ಬಿಚ್ಚುತ್ತಿದ್ದರಂತೆ. ಅದನ್ನು ನನಗೆ ತೋರಿಸುತ್ತೇನೆಂದು ಮಾಮಾ ಕರೆದೊಯ್ದರು. ಹಿಡಕಲ್ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಅಪ್ಪ ಕುರಿ ಮೇಯಿಸುವಾಗ ನಾನೂ ಅಕ್ಕನೂ ಮೊಣಕಾಲವರೆಗೆ ನೀರಿಗಿಳಿದದ್ದೇ ನನ್ನ ಜಲಸಾಹಸ. ಬಂದರು ದಾಟುವುದರೊಳಗೆ ಬೆಳಿಗ್ಗೆ ತಿಂದದ್ದೆಲ್ಲ ಸಮುದ್ರದ ಪಾಲಾಯಿತು. ಮಾಮಾ ನನ್ನನ್ನು ಅಕ್ಕನ ಮೆಟ್ಟಿಲಿನ ಮೇಲೆ ಕೂರಿಸಿದರು. ದೋಣಿಯಲ್ಲಿ ಕಡಿಮೆ ಅಲುಗಾಡುವ ಜಾಗ ಅದೇ ಎಂದರು. ಅವರ ಎದುರಿಗೆ, ಅವರಿಗೆ ಮುಖ ಮಾಡಿ ಕೂತೆ. ಕೆಳಗೆ ಕಂಬಳಿ ಹಾಸಿದ್ದರು.

ಹೋಗುವಾಗ ಬಿಸಿಲಿತ್ತು. ಬರುವಾಗ ಮಂಜು ಇಳಿಯಿತು, ಗಾಳಿ ಎದ್ದಿತು. ದಂಡೆ ಕಾಣದಾಯಿತು. ಮಾಮಾ ನನಗೆ ಯಂತ್ರ ನೋಡಲು ಹೇಳಿದರು. ಕಪ್ಪು ಗುರುತು ನಮ್ಮ ದೋಣಿ. ಬಿಳಿ ಎಂದರೆ ಆಳದ ನೀರು, ನೀಲಿ ಎಂದರೆ ಕಡಿಮೆ ನೀರು, ಹಸಿರು ಎಂದರೆ ಸಮುದ್ರದ ಇಳಿತದಲ್ಲಿ ನೀರು ಸರಿದಾಗ ಬಯಲಾಗುವ ಕೆಸರು. ಎರಡು ಹಸಿರಿನ ನಡುವೆ ಹೊಲದ ಬದುವಿನಷ್ಟು ಸಣ್ಣ ದಾರಿ. ಗಾಳಿಗೆ ಮಾತು ಕೇಳುತ್ತಿರಲಿಲ್ಲ, ನಾನು ಕೈ ತೋರಿಸುತ್ತ ಹೋದೆ. ಮಾಮಾ ನನ್ನ ಕೈಯನ್ನೇ ನೋಡುತ್ತ ತಿರುಗಿಸುತ್ತಿದ್ದರು. ಹೊಟ್ಟೆಯ ಸಂಕಟ ಮರೆತುಹೋಗಿತ್ತು. ಖರೆ ಹೇಳಬೇಕೆಂದರೆ ನನಗೆ ಡ್ಯೂಟಿಯ ಮೇಲಿದ್ದ ಹಾಗೆಯೇ ಅನಿಸುತ್ತಿತ್ತು.

ಕಪ್ಪು ಗುರುತು ಹಸಿರಿನ ಮೂಲೆಯನ್ನು ದಾಟಿತು. ಮುಂದೆ ದಾರಿ ನೆಟ್ಟಗಿತ್ತು. ನಾನು ಯೋಚನೆಯನ್ನೇ ಮಾಡದೆ, ಬೆಲ್ಲು ಕೆಟ್ಟ ದಿನ ತಗಡಿಗೆ ಬಡಿಯುವ ಹಾಗೆ, ಪಕ್ಕದ ಮರದ ಹಲಗೆಗೆ ಎರಡು ಸಲ ಬಡಿದೆ.

ಮಾಮಾ ಚುಕ್ಕಾಣಿ ಬಿಟ್ಟುಬಿಟ್ಟರು.

ದೋಣಿ ಗಾಳಿಗೆ ತಿರುಗಿ ನಿಂತಿತು. ಹಾಯಿ ಪಟಪಟ ಬಡಿದುಕೊಳ್ಳತೊಡಗಿತು. ನಾನು ಏನೋ ಕೂಗಿದೆ, ಕನ್ನಡದಲ್ಲೇ ಕೂಗಿರಬೇಕು. ಅವರು ಕಲ್ಲಿನ ಹಾಗೆ ಕೂತಿದ್ದರು. ದೋಣಿ ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಹೋಗಿ ಎಲ್ಲಿಯೋ ಮೆತ್ತಗೆ ಕೂತಿತು, ಒಂದು ಕಡೆಗೆ ವಾಲಿತು. ಕೆಸರು. ಬಂಡೆಯಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಮಾಮಾ ಎದ್ದು ಹಾಯಿ ಇಳಿಸಿದರು, ಲಂಗರು ಹಾಕಿದರು. ನೀರು ಇನ್ನೂ ಇಳಿಯುತ್ತದೆ, ಮತ್ತೆ ಏರುವವರೆಗೆ ಕಾಯಬೇಕು ಎಂದರು. ಅಷ್ಟು ಹೇಳಿ ನನ್ನ ಎದುರಿಗೆ ಕೂತು, ಅದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು.

ಏನನ್ನು ಎಂದು ನನಗೆ ತಿಳಿಯಲಿಲ್ಲ. ಅವರು ಬೆರಳಿನ ಗೆಣ್ಣಿನಿಂದ ಹಲಗೆಗೆ ಎರಡು ಸಲ ಬಡಿದು ತೋರಿಸಿದರು. ಗಾಳಿ ಜೋರಾಗಿ ಮಾತು ಕೇಳದಿದ್ದಾಗ ಅಕ್ಕ ಇದೇ ಹಲಗೆಗೆ ಬಡಿಯುತ್ತಿದ್ದಳಂತೆ. ಒಂದು ಬಡಿದರೆ ತಡೆ, ಎರಡು ಬಡಿದರೆ ನಡೆ. ಅದು ಈ ದೋಣಿಯಲ್ಲಿ ತಾವಿಬ್ಬರೇ ಮಾಡಿಕೊಂಡದ್ದು, ಅವಳ ಜೊತೆಗೇ ಹೋಯಿತು ಎಂದುಕೊಂಡಿದ್ದರು. ಕಲ್ಲಿಗೆ ಒರೆಸಿಕೊಂಡ ದಿನ ಏನಾಯಿತೆಂದೂ ಹೇಳಿದರು. ದಾರಿಯ ತಿರುವಿನಲ್ಲಿ ಚುಕ್ಕಾಣಿಯನ್ನು ಹಾಗೆಯೇ ಹಿಡಿದು, ಆ ಬಡಿತಕ್ಕಾಗಿ ಕಾದಿದ್ದರು. ಅದು ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕಾದಿದ್ದರು.

ಅಕ್ಕ ಫೋನಿನಲ್ಲಿ ಹೇಳಿದ ಮಾತು ನನಗೆ ಆಗ ಪೂರ್ತಿ ತಿಳಿಯಿತು. ನನ್ನ ಮುರುಕು ಇಂಗ್ಲಿಷಿನಲ್ಲಿ, ಅದು ನನ್ನದು ಎಂದೆ. ನನ್ನ ಬಸ್ಸಿನದು. ಅಕ್ಕ ಮೂಡಲಗಿ ರೋಡಿನಿಂದ ಕದ್ದುಕೊಂಡು ಬಂದಿದ್ದಾಳೆ. ಮಾಮಾ ನಗಲು ಹೋದರು, ಆಗಲಿಲ್ಲ.

ದೋಣಿ ವಾಲುತ್ತ ವಾಲುತ್ತ ಕೊನೆಗೆ ನಾವಿಬ್ಬರೂ ಗೋಡೆಗೆ ಒರಗಿ ಕೂರುವಂತಾಯಿತು. ನೀರು ಇಳಿದು ಸುತ್ತಲೂ ಬೂದು ಬಣ್ಣದ ಬಯಲು. ಆಗ ಅವರಿಗೆ ಭೀಮಪ್ಪ ಕಾಕಾನ ಕಥೆ ಹೇಳಿದೆ. ನಮ್ಮಲ್ಲಿಯೂ ಕೆಲವು ಬಸ್ಸುಗಳಿಗೆ ಈಗ ಕಂಡಕ್ಟರ್ ಇಲ್ಲ, ಡ್ರೈವರೇ ಟಿಕೆಟ್ ಕೊಡಬೇಕು. ಕಾಕಾನನ್ನು ಅಂಥ ಬಸ್ಸಿಗೆ ಹಾಕಿದರು. ಮೊದಮೊದಲು ಅವರು ಟಿಕೆಟ್ ಮಷೀನನ್ನು ಸೀಟಿನ ಹಿಂದೆ, ಕಣ್ಣಿಗೆ ಬೀಳದ ಕಡೆ ನೇತುಹಾಕುತ್ತಿದ್ದರು. ಪ್ರತಿ ಸ್ಟಾಪಿನಲ್ಲೂ ಜನ ಹತ್ತಿದ ಮೇಲೆ ಎಂಜಿನ್ ಚಾಲೂ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಜನ ಬೈದಾಗ ಎಚ್ಚರವಾಗುತ್ತಿತ್ತು. ನನ್ನ ಡಬಲ್ ಬೆಲ್ಲಿಗಾಗಿ ಕಾಯುತ್ತಿದ್ದರು. ಒಂದು ದಿನ ತಾವೇ ಬೋಲ್ಟು ಬಿಗಿಯುವ ಪಾನಾ ತೆಗೆದುಕೊಂಡು ಸ್ಟೀರಿಂಗಿನ ಎದುರಿಗೆ ಒಂದು ಕೊಂಡಿ ಹಾಕಿ ಮಷೀನನ್ನು ಅಲ್ಲಿಗೆ ತೂಗುಹಾಕಿದರು. ಆಮೇಲೆ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನಗೆ ಹೇಳಿದರು:

“ಅದು ಕಣ್ಣಿಗೆ ಬಿದ್ದಾಗೊಮ್ಮೆ ನೀ ಇಲ್ಲಂತ ನೆನಪಾಕ್ಕೈತಿ ಕಸ್ತೂರಿ. ನೀ ಇಲ್ಲಂತ ನೆನಪಾದ್ರನ ಬಸ್ಸು ಮುಂದ ಹೋಗತೈತಿ.”

ಅದನ್ನು ಇಂಗ್ಲಿಷಿಗೆ ತರಲು ನಾನು ಬಹಳ ಒದ್ದಾಡಿದೆ. ನಂತರ ಅಕ್ಕ ಹೇಳಿದ್ದನ್ನೂ ಹೇಳಿದೆ. ಯಂತ್ರ ಅವರ ಕಣ್ಣ ಮುಂದೆ ಇರಲಿ, ನನ್ನ ಜಾಗದಲ್ಲಿ ಬೇಡ ಎಂದಿದ್ದಳು ಎಂದೆ. ಅವಳೇ ಹೇಳಿದಳೇ ಎಂದು ಕೇಳಿದರು. ಹೌದು ಎಂದೆ. ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೌದು ಎಂದೆ.

ನೀರು ಏರಿ ದೋಣಿ ನಿಧಾನಕ್ಕೆ ನೆಟ್ಟಗಾದಾಗ ಮಾಮಾ ಎದ್ದು ಲಂಗರು ಎತ್ತಿದರು.

ಹಿಂದಿನ ಗೋಡೆ

ಮರುದಿನ ಮಾಮಾ ತಮ್ಮ ಸಲಕರಣೆಯ ಪೆಟ್ಟಿಗೆ ಹೊತ್ತುಕೊಂಡು ದೋಣಿಗೆ ಬಂದರು. ದಿಕ್ಸೂಚಿ ಬಾಗಿಲಿನ ಎಡಕ್ಕೆ, ಯಂತ್ರ ಬಾಗಿಲಿನ ಬಲಕ್ಕೆ, ಎರಡಕ್ಕೂ ನಡುವೆ ಬೇಕಾದಷ್ಟು ದೂರ. ರಟ್ಟು ಕತ್ತರಿಸಿ ಯಂತ್ರದ ಅಳತೆಯ ತುಂಡು ಮಾ‌ಡಿ ಗೋಡೆಗೆ ಅಂಟಿಸಿದರು. ಚುಕ್ಕಾಣಿಯ ಹತ್ತಿರ ಹೋಗಿ ಕೂತು ನೋಡಿದರು, ಬಂದು ಸ್ವಲ್ಪ ಮೇಲೆ ಏರಿಸಿದರು, ಮತ್ತೆ ಹೋಗಿ ಕೂತರು. ಹಗ್ಗ ಎಳೆದು ನೋಡಿದರು, ಮೊಣಕೈ ತಾಗುತ್ತದೆಯೇ ಎಂದು ನೋಡಿದರು. ಬಿಸಿಲು ಬಂದ ಕೂಡಲೇ ಓಡಿ ಬಂದು ರಟ್ಟಿನ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂದು ನೋಡಿದರು. ಆ ದೇಶದಲ್ಲಿ ಬಿಸಿಲನ್ನು ಹಾಗೆಯೇ ಓಡಿ ಹಿಡಿಯಬೇಕು.

ಕೊನೆಗೆ ನನ್ನನ್ನು ಅಕ್ಕನ ಮೆಟ್ಟಿಲಿನ ಮೇಲೆ ಕೂರಲು ಹೇಳಿದರು. ಯಾಕೆ ಎಂದೆ. ಅಲ್ಲಿ ಯಾರಾದರೂ ಕೂತರೆ ಯಂತ್ರ ಮರೆಯಾಗಬಾರದು ಎಂದರು. ನಾನು ಕೂತೆ. ನನ್ನ ಭುಜ ಅಡ್ಡ ಬಂದಿತೆಂದು ರಟ್ಟನ್ನು ಎರಡು ಬೆರಳು ಬಲಕ್ಕೆ ಸರಿಸಿದರು. ನಾನೂ ಅಕ್ಕನೂ ಒಂದೇ ಮೈಕಟ್ಟಿನವರು. ಆ ಅಳತೆ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಪೆನ್ಸಿಲಿನ ಗುರುತು ಹಾಕಿದ ಮೇಲೆ ಡ್ರಿಲ್ ಹಿಡಿದುಕೊಂಡು ಸುಮ್ಮನೆ ನಿಂತರು. ಜೀವನವೆಲ್ಲ ಮರಕ್ಕೆ ತೂತು ಹಾಕಿದ ಮನುಷ್ಯ. ನಾನು ಬೇರೆ ಕಡೆ ನೋಡುತ್ತ ನಿಂತೆ. ಬಹಳ ಹೊತ್ತಿನ ಮೇಲೆ ಸದ್ದಾಯಿತು. ಮೊದಲನೆಯ ತೂತಿನ ನಂತರ ಉಳಿದವು ಬೇಗ ಮುಗಿದವು. ತೂತುಗಳ ಒಳಗೆ ಅಂಟು ಸವರಿ, ನೀರು ಇಳಿಯದ ಹಾಗೆ ಮಾಡಿ, ಯಂತ್ರ ಕೂರಿಸಿ ತಿರುಪು ಬಿಗಿದರು. ಚುಕ್ಕಾಣಿಯ ಹತ್ತಿರ ಕೂತು ನೋಡಿದರು. ಬೆಳಕು ಹೊತ್ತಿಕೊಂಡು ನಕಾಶೆ ಮೂಡಿತು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನಾನು ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು. ಪಕ್ಕದ ದೋಣಿಯವರು ತಲೆ ತಗ್ಗಿಸಿಕೊಂಡು ತಮ್ಮ ಹಗ್ಗ ಸುತ್ತುತ್ತಿದ್ದರು, ಮಳೆಯ ಮಾತು ಕೂಡ ಆಡಲಿಲ್ಲ.

ಸಂಜೆಯ ಮುಂಚೆ ಒಬ್ಬರೇ ಒಂದು ಸುತ್ತು ಹೋಗಿ ಬರುತ್ತೇನೆಂದರು. ನಾನೂ ಮಹಾದೇವನೂ ಕಟ್ಟೆಯ ಮೇಲೆ ನಿಂತು ನೋಡಿದೆವು. ದೋಣಿ ಬಂದರು ಬಿಟ್ಟು, ಕೆಸರಿನ ಮಗ್ಗುಲು ಹಾದು, ತಿರುವಿನ ಹತ್ತಿರ ಹೋಯಿತು. ಹಾಯಿ ತಿರುಗಿತು, ದೋಣಿ ತಡೆಯದೆ ಮುಂದೆ ಹೋಯಿತು.

“ನಿಂದರಲಿಲ್ಲ ನೋಡ್ರಿ ಅಕ್ಕಾರ,” ಎಂದ ಮಹಾದೇವ.

ನಿಲ್ಲಲಿಲ್ಲ. ನಾನು ಅಷ್ಟು ದೂರ ಹೋದದ್ದೇ ಅದಕ್ಕಾಗಿ. ಆದರೂ ಆ ದೋಣಿ ಯಾರಿಗಾಗಿಯೂ ಕಾಯದೆ ತಿರುವು ದಾಟಿದ್ದನ್ನು ನೋಡಿದಾಗ, ನನ್ನ ಅಕ್ಕ ಆ ಗಳಿಗೆಯಲ್ಲೇ ಸತ್ತಳು ಎನಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೆಲಸ ಆಗಿತ್ತು, ಅವಳು ಹೇಳಿದಂತೆಯೇ ಆಗಿತ್ತು. ಅದರಿಂದ ನನಗೆ ಒಂದು ಚೂರೂ ಸಮಾಧಾನವಾಗಲಿಲ್ಲ.

ಬಸ್ ಸ್ಟಾಪು

ಹೊರಡುವ ದಿನ ಮಾಮಾ ನನ್ನ ಚೀಲ ಹೊತ್ತುಕೊಂಡು ಸ್ಟಾಪಿನವರೆಗೆ ಬಂದರು. ಅಂಗಿಯ ಗುಂಡಿಗಳು ಅವತ್ತು ಸರಿಯಾಗಿದ್ದವು. ಅವ್ವನಿಗೆಂದು ಅಕ್ಕನ ಮಳೆಕೋಟು ಕೊಟ್ಟರು. ಗೋಕಾಕದಲ್ಲಿ ಅಷ್ಟು ಮಳೆ ಎಲ್ಲಿ ಬರುತ್ತದೆ ಎಂದು ನಾನು ಕೇಳಲಿಲ್ಲ. ಕಂಬಳಿ ದೋಣಿಯಲ್ಲೇ ಇರಲಿ, ಮೆಟ್ಟಿಲಿನ ಮೇಲೆ ಮಡಿಚಿ ಇಟ್ಟಿದ್ದೇನೆ ಎಂದರು. ಒಮ್ಮೆ ನಮ್ಮೂರಿಗೆ ಬರ್ರಿ, ನನ್ನ ಬಸ್ಸಿನಲ್ಲಿ ಅಕ್ಕ ಕೂರುತ್ತಿದ್ದ ಸೀಟು ತೋರಿಸುತ್ತೇನೆ ಎಂದೆ. ಬರುತ್ತೇನೆ ಎಂದರು, ಗ್ರ್ಯಾಂಡ್ ಎನ್ನಲಿಲ್ಲ.

ಬಸ್ಸು ಬಂತು. ನಾನು ಹತ್ತಿ ಹಿಂದಿನ ಕಿಟಕಿಯ ಪಕ್ಕ ಕೂತೆ. ಡ್ರೈವರ್ ಬಾಗಿಲು ಮುಚ್ಚಿದ. ಎಂಜಿನ್ ಗುರುಗುಡುತ್ತಿತ್ತು. ಬಸ್ಸು ಇನ್ನೂ ಹೊರಟಿರಲಿಲ್ಲ. ಮಾಮಾ ಕೈ ಬೀಸಲಿಲ್ಲ. ನಿಧಾನಕ್ಕೆ ನಡೆದು ಬಸ್ಸಿನ ಹಿಂಬದಿಗೆ, ನಮ್ಮಲ್ಲಿ ಕಂಡಕ್ಟರ್ ನಿಲ್ಲುವ ಕಡೆಗೆ ಬಂದರು. ನನ್ನ ಕಿಟಕಿಯ ಕೆಳಗಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದರು.

ಆ ಡ್ರೈವರಿಗೆ ನಮ್ಮ ಲೆಕ್ಕ ಹೇಗೆ ಗೊತ್ತಿರಬೇಕು. ಆದರೆ ಬಸ್ಸು ಹೊರಟಿತು. ಇಷ್ಟು ವರ್ಷ ನಾನು ಎಲ್ಲರಿಗೂ ಡಬಲ್ ಬೆಲ್ ಕೊಟ್ಟು ಕಳಿಸಿದ್ದೇನೆ. ನನಗೊಬ್ಬರು ಕೊಟ್ಟದ್ದು ಅವತ್ತೇ.